ಜಲಪಾತದ ಪಾಠಾಂತರ

1991ರಲ್ಲಿ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಕನ್ಸೋಲಿಗಾಗಿ ಹೊರತಂದ ‘ಸೋನಿಕ್ ದ ಹೆಜ್‌ಹಾಗ್’ ಆಟದ ಮೊದಲ ಹಂತದಲ್ಲೇ ಜಲಪಾತಗಳು ಸಿಗುತ್ತವೆ. ಅಂದಿನ ಪಿಕ್ಚರ್ ಟ್ಯೂಬ್ ಟಿವಿಗೆ ಹಳದಿ ಪಿನ್ನಿನ ವೈರು ಜೋಡಿಸಿ ಆಡಿದವರಿಗೆ ಅದು ತಿಳಿನೀರು. ಹಿಂದಿರುವುದೆಲ್ಲ ನೀರಿನೊಳಗಿಂದ ಮಸುಕಾಗಿ ಕಾಣುತ್ತದೆ. ಅದೇ ಆಟವನ್ನು ಆರ್‌ಜಿಬಿ ವೈರು ಮತ್ತು ಒಳ್ಳೆಯ ಅಪ್‌ಸ್ಕೇಲರ್ ಮೂಲಕ ಇಂದಿನ 4ಕೆ ಟಿವಿಗೆ ಕೊಟ್ಟು ನೋಡಿ. ನೀರು ಮಾಯವಾಗಿ, ಕಿಟಕಿ ಸರಳಿನಂಥ ನೇರ ಪಟ್ಟೆಗಳು ಉಳಿಯುತ್ತವೆ.

ಕಾರಣ ಸರಳ. ಎರಡು ಬಣ್ಣ ಬೆರೆಸಿ ಪಾರದರ್ಶಕ ನೀರು ತೋರಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಚಿತ್ರ ಬರೆದವರು ನೀರಿನ ಬಣ್ಣದ ಒಂದೊಂದು ಗೆರೆಯ ಪಕ್ಕದಲ್ಲೂ ಜಾಗ ಖಾಲಿ ಬಿಟ್ಟರು. ಹಳದಿ ಪಿನ್ನಿನ ಸಿಗ್ನಲ್‌ಗೆ ಅಷ್ಟು ಹತ್ತಿರದ ಚುಕ್ಕಿಗಳನ್ನು ಬೇರೆಬೇರೆಯಾಗಿ ಒಯ್ಯಲು ಬಾರದು, ಅದು ಕಲಸಿಬಿಡುತ್ತದೆ. ಆ ಕಲಸುವಿಕೆಯೇ ನೀರಾಯಿತು. ಅಪ್‌ಸ್ಕೇಲರ್ ಇಲ್ಲಿ ತಪ್ಪೇನೂ ಮಾಡಿಲ್ಲ. ಕನ್ಸೋಲು ಕೊಟ್ಟ ಪ್ರತಿ ಚುಕ್ಕಿಯನ್ನೂ ಪ್ರಾಮಾಣಿಕವಾಗಿ ತೋರಿಸಿದೆ. ಆದರೂ ನೀರು ಹೋಯಿತು. ಈ ಪೆಟ್ಟಿಗೆಗಳ ಬಗ್ಗೆ ಮಾತು ಬಂದಾಗಲೆಲ್ಲ ‘ಎಷ್ಟು ಸ್ಪಷ್ಟ?’ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ನನ್ನ ಪ್ರಶ್ನೆ ಬೇರೆ: ಇದು ಯಾವ ಮೂಲಕ್ಕೆ ನಿಷ್ಠವಾಗಿದೆ?

ಕನ್ನಡ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಬಿ.ಎಲ್. ರೈಸ್ 1898ರಲ್ಲಿ ಪಂಪಭಾರತವನ್ನು ಅಚ್ಚಿಗೆ ತಂದ ಕಾಲದಿಂದ ನಮ್ಮ ಗ್ರಂಥಸಂಪಾದಕರು ಎದುರಿಸುತ್ತ ಬಂದದ್ದು ಇದನ್ನೇ. ತಾಳೆಗರಿಯಲ್ಲಿ ಪದಗಳ ನಡುವೆ ಜಾಗವಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಸಂಪಾದಕನೇ ತೀರ್ಮಾನಿಸಬೇಕು. ಹಳೆಯ ಕನ್ಸೋಲಿನ ಸಿಗ್ನಲ್ಲೂ ಹಾಗೆಯೇ. ವೈರಿನಲ್ಲಿ ಹರಿದು ಬರುವುದು ಏರಿಳಿಯುವ ವೋಲ್ಟೇಜು ಮಾತ್ರ. ಒಂದು ಚುಕ್ಕಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಗುರುತು ಅದರಲ್ಲಿಲ್ಲ. ಸೂಪರ್ ನಿಂಟೆಂಡೊ ಸಾಮಾನ್ಯವಾಗಿ ಒಂದು ಗೆರೆಯಲ್ಲಿ 256 ಚುಕ್ಕಿ ಕಳಿಸುತ್ತದೆ. ಮೆಗಾ ಡ್ರೈವ್ ಒಮ್ಮೆ 320, ಒಮ್ಮೆ 256. ಅಪ್‌ಸ್ಕೇಲರ್ ಲೆಕ್ಕ ತಪ್ಪಿದರೆ ಅಕ್ಷರಗಳ ಕಾಲು ಒಂದು ದಪ್ಪ, ಒಂದು ಸಣ್ಣ. ಲೆಕ್ಕ ಸರಿಯಿದ್ದರೂ ಚುಕ್ಕಿಯನ್ನು ಚೌಕವೆಂದು ಭಾವಿಸಿದರೆ, ಸೂಪರ್ ನಿಂಟೆಂಡೊದ ವೀರರು 4:3 ಪರದೆಯಲ್ಲಿ ಕಾಣುತ್ತಿದ್ದುದಕ್ಕಿಂತ ತೆಳ್ಳಗಾಗುತ್ತಾರೆ.

ಇನ್ನು ಕಾಲದ ವಿಷಯ. ಅಮೆರಿಕ, ಜಪಾನುಗಳ ಟಿವಿ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 525 ಗೆರೆ. ಅದು ಎರಡು ಕಂತಿನಲ್ಲಿ, ಕಂತಿಗೆ 262.5 ಗೆರೆಯಂತೆ ಬರುತ್ತದೆ. ಆ ಅರ್ಧ ಗೆರೆಯಿಂದಾಗಿಯೇ ಎರಡನೆಯ ಕಂತು ಮೊದಲನೆಯದರ ಸಂದುಗಳಲ್ಲಿ ಕೂರುತ್ತದೆ. ಹಳೆಯ ಕನ್ಸೋಲುಗಳು ಆ ಅರ್ಧ ಗೆರೆಯನ್ನು ಬಿಟ್ಟು, 262 ಗೆರೆ ಕಳಿಸಿದವು. ಪ್ರತಿ ಕಂತೂ ಹಳೆಯ ಜಾಗದಲ್ಲೇ ಬಿದ್ದು, ಸೆಕೆಂಡಿಗೆ 60 ಪೂರ್ಣ ಚಿತ್ರಗಳಾದವು. ಇದನ್ನೇ ಬಲ್ಲವರು 240ಪಿ ಎನ್ನುತ್ತಾರೆ. ಇಂದಿನ ಟಿವಿಗಳಲ್ಲಿ ಅನೇಕಕ್ಕೆ ಈ ಉಪಾಯ ಗೊತ್ತಿಲ್ಲ. ಅವು ಎರಡು ಕಂತುಗಳನ್ನು ಒಂದೇ ಚಿತ್ರವೆಂದು ಹೊಲಿಯುತ್ತವೆ. ಓಡುವವನ ಅಂಚು ಬಾಚಣಿಗೆಯ ಹಲ್ಲಾಗುತ್ತದೆ; ಒಂದು ಬಿಟ್ಟು ಒಂದು ಕಂತಿನಲ್ಲಿ ಮಿನುಗಿ ಅರೆಪಾರದರ್ಶಕವೆನಿಸುತ್ತಿದ್ದ ನೆರಳು ಗಟ್ಟಿಯಾಗುತ್ತದೆ, ಇಲ್ಲವೇ ಕಾಣೆಯಾಗುತ್ತದೆ. ಗುಂಡಿ ಒತ್ತಿದ ಮೇಲೆ ಯೋಚಿಸಿ ಜಿಗಿಯುವ ಮಾರಿಯೋ ಮಾರಿಯೋನೇ ಅಲ್ಲ. ಅಗ್ಗದ ಪರಿವರ್ತಕಗಳು ಹಲವು ಇದೇ ತಪ್ಪು ಮಾಡಿ, ಮೇಲೆ ಚಿತ್ರವನ್ನು 16:9ಕ್ಕೆ ಎಳೆದು ಅಗಲ ಮಾಡುತ್ತವೆ.

ಈ ಹಿನ್ನೆಲೆಯಲ್ಲಿ ಮೂರು ಹೆಸರಾಂತ ಪೆಟ್ಟಿಗೆಗಳನ್ನು ಮೂವರು ಸಂಪಾದಕರಂತೆ ಓದಬಹುದು. ಜಪಾನಿನ ಫ್ರೇಮ್‌ಮೈಸ್ಟರ್ ಇವುಗಳಲ್ಲಿ ಹಿರಿಯ. ಅದು 240ಪಿಯನ್ನು ಗುರುತಿಸಿದ್ದೇ ದೊಡ್ಡ ಉಪಕಾರ. ಆದರೆ ಚಿತ್ರವನ್ನು ಕೂಡಿಟ್ಟುಕೊಂಡು ಕಳಿಸುವುದರಿಂದ ತುಸು ತಡ. ಸಿಗ್ನಲ್ ಬಗೆ ಬದಲಾದರೆ ಪರದೆ ಕೆಲವು ಸೆಕೆಂಡು ಕಪ್ಪು. 1999ರ ‘ಕ್ರೋನೋ ಕ್ರಾಸ್’ನಂಥ ಆಟದಲ್ಲಿ ಮೆನು ತೆರೆದಾಗಲೆಲ್ಲ ಈ ಕತ್ತಲೆ. ಓಎಸ್‌ಎಸ್‌ಸಿ ಎಂಬ ಮುಕ್ತ ವಿನ್ಯಾಸದ ಪೆಟ್ಟಿಗೆ ಇಡೀ ಚಿತ್ರವನ್ನು ಕೂಡಿಡುವುದಿಲ್ಲ; ಬಂದ ಗೆರೆಯನ್ನು ಎರಡರಿಂದ ಐದು ಸಲ ಬರೆದು ಮುಂದಕ್ಕೆ ತಳ್ಳುತ್ತದೆ. ಕಾಲದ ವಿಷಯದಲ್ಲಿ ಇದರಷ್ಟು ಪ್ರಾಮಾಣಿಕ ಬೇರೆ ಇಲ್ಲ. ಆದರೆ ಕನ್ಸೋಲಿನ ಲಯವನ್ನು ತಿದ್ದದೆ ದಾಟಿಸುವುದರಿಂದ ಕೆಲವು ಟಿವಿಗಳು ಅದರ ಸಿಗ್ನಲ್ಲನ್ನೇ ಒಪ್ಪುವುದಿಲ್ಲ. 2023ರಲ್ಲಿ 750 ಡಾಲರ್ ಬೆಲೆಗೆ ಬಂದ ರೆಟ್ರೋಟಿಂಕ್-4ಕೆ ಮೂರನೆಯದು. 240 ಗೆರೆಯನ್ನು 1080ಕ್ಕೆ ಹಿಗ್ಗಿಸಲು ನಾಲ್ಕೂವರೆಯಿಂದ ಗುಣಿಸಬೇಕು, ಅರ್ಧ ಗೆರೆಯ ತಕರಾರು ತಪ್ಪದು. 2160ಕ್ಕಾದರೆ ಸರಿಯಾಗಿ ಒಂಬತ್ತು. ಉಳಿದ ಚುಕ್ಕಿಗಳಲ್ಲಿ ಪಿಕ್ಚರ್ ಟ್ಯೂಬಿನ ಕೆಂಪು, ಹಸಿರು, ನೀಲಿ ಕಣಗಳನ್ನೂ ಗೆರೆಗಳ ನಡುವಿನ ಕಪ್ಪನ್ನೂ ಅದು ಅನುಕರಿಸಬಲ್ಲದು. ಇದರಿಂದ ಮಂಕಾಗುವ ಚಿತ್ರಕ್ಕೆ ಹೊಸ ಟಿವಿಗಳ ಹೆಚ್ಚುವರಿ ಬೆಳಕನ್ನು ಬಳಸಿಕೊಳ್ಳುತ್ತದೆ.

ಹಾಗಾದರೆ ಪಿಕ್ಚರ್ ಟ್ಯೂಬೇ ಮೂಲ, ಉಳಿದದ್ದೆಲ್ಲ ಅಪಪಾಠ ಎನ್ನೋಣವೆ? ನಾನಿರುವ ಜರ್ಮನಿಯಲ್ಲಿ ಆ ಮಾತು ನಿಲ್ಲುವುದಿಲ್ಲ. ಯುರೋಪಿನ ಟಿವಿಗಳ ಹಿಂದೆ ಸ್ಕಾರ್ಟ್ ಎಂಬ ಅಗಲವಾದ ಸಾಕೆಟ್ ಇತ್ತು. ಅದರಲ್ಲಿ ಆರ್‌ಜಿಬಿ ಹರಿಯುತ್ತಿತ್ತು. ಸರಿಯಾದ ವೈರು ಕೊಂಡಿದ್ದ ಹುಡುಗರು ಆ ಕಾಲದಲ್ಲೇ ಜಲಪಾತದ ಪಟ್ಟೆಗಳನ್ನು ಕಂಡಿದ್ದರು. ಇಲ್ಲಿನ ಟಿವಿ ಸೆಕೆಂಡಿಗೆ 60 ಅಲ್ಲ, 50 ಕಂತಿನದು. ಈ ವೇಗಕ್ಕೆ ಹೊಂದಿಸದೆ ಮಾರಿದ ಆಟಗಳು ಮೂಲದ ಆರರಲ್ಲಿ ಐದು ಪಾಲು ವೇಗದಲ್ಲಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಹೊತ್ತು ಓಡಿದವು. ಇನ್ನು ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದದ್ದು ಬಹುಪಾಲು ನಿಂಟೆಂಡೊ ಯಂತ್ರದ ನಕಲುಗಳು. ಆಂಟೆನಾ ಸಾಕೆಟಿಗೆ ವೈರು ಸಿಕ್ಕಿಸಿ, ಚಾನೆಲ್ ತಿರುಗಿಸಿ, ‘ಕ್ಯಾಸೆಟ್’ ಊದಿ ಹಾಕಿದರೆ ಕಾಣುತ್ತಿದ್ದದ್ದು ರವೆ ಚೆಲ್ಲಿದಂಥ ಚಿತ್ರ. ನಮ್ಮ ಪೀಳಿಗೆಗೆ ಮೂಲವೆಂದರೆ ಅದೇ.

ಅಂದರೆ ಮೂಲ ಹುಟ್ಟುವಾಗಲೇ ಪಾಠಾಂತರಗಳೊಡನೆ ಹುಟ್ಟಿತ್ತು. ಆದ್ದರಿಂದ ‘ಇದೊಂದೇ ಶುದ್ಧ’ ಎಂದು ಮಾರುವ ಮಾತನ್ನು, ಅದು ಚೂಪಾದ ಚುಕ್ಕಿಯ ಪರವಿರಲಿ, ಟ್ಯೂಬಿನ ಪರವಿರಲಿ, ನಾನು ಒಪ್ಪಲಾರೆ. ಒಳ್ಳೆಯ ಸಂಪಾದಕ ಒಂದು ಪಾಠವನ್ನು ಆರಿಸಿ ಉಳಿದವನ್ನು ಅಡಿಟಿಪ್ಪಣಿಯಲ್ಲಿ ಇಡುತ್ತಾನೆ. ಒಳ್ಳೆಯ ಅಪ್‌ಸ್ಕೇಲರಿನ ಲಕ್ಷಣವೂ ಅದೇ: ಕಾಲವನ್ನು ಕೆಡಿಸಬಾರದು, ಚುಕ್ಕಿಯನ್ನು ಸರಿಯಾಗಿ ಬಿಡಿಸಬೇಕು, ಬೆಳಕಿನ ಬಗೆಯನ್ನು ನೋಡುವವನಿಗೆ ಬಿಡಬೇಕು. ಈ ಅಳತೆಯಲ್ಲಿ ರೆಟ್ರೋಟಿಂಕ್ ಮುಂದಿದೆ. ಆದರೆ ಅಡಿಟಿಪ್ಪಣಿಯಿರುವ ಆವೃತ್ತಿ ದುಬಾರಿ ಬೆಲೆಗೆ, ಅಪಪಾಠ ಮಾತ್ರ ಪುಡಿಗಾಸಿಗೆ ಎಂಬ ಸ್ಥಿತಿ ಯಾವ ಸಾಹಿತ್ಯಕ್ಕೂ ಒಳ್ಳೆಯದಲ್ಲ. ಓಎಸ್‌ಎಸ್‌ಸಿಯ ವಿನ್ಯಾಸ ಎಲ್ಲರಿಗೂ ತೆರೆದಿರುವುದು ಅದಕ್ಕೇ ಮುಖ್ಯ.

ಕೆಲವು ಪಾಠಗಳು ಅಚ್ಚಿಗೆ ಬರುವುದೇ ಇಲ್ಲ. ‘ಡಕ್ ಹಂಟ್’ ಆಟದ ಬಂದೂಕು ಪಿಕ್ಚರ್ ಟ್ಯೂಬಿನ ತಕ್ಷಣದ ಬೆಳಕನ್ನು ನಂಬಿ ಗುರಿ ಲೆಕ್ಕ ಹಾಕುತ್ತದೆ. ಹೊಸ ಟಿವಿಯ ಮುಂದೆ ಅದು ಕುರುಡು. ಎಂಥ ಅಪ್‌ಸ್ಕೇಲರ್ ಇಟ್ಟರೂ ಬಾತುಕೋಳಿ ಬೀಳುವುದಿಲ್ಲ. ಮನೆಬಳಕೆಯ ಪಿಕ್ಚರ್ ಟ್ಯೂಬುಗಳ ತಯಾರಿಕೆ ನಿಂತಿದೆ. ಇದ್ದವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಅವು ಮುಗಿದ ಮೇಲೆ ನಮ್ಮ ಮಕ್ಕಳಿಗೆ ಈ ಆಟಗಳು ತಲುಪುವುದು ಯಾವುದೋ ಪೆಟ್ಟಿಗೆಯ ಆಯ್ಕೆಯಾಗಿ ಮಾತ್ರ. ಆ ಆಯ್ಕೆಯನ್ನೇ ಮೂಲವೆಂದು ನಂಬಿದ ಮಗು, ಹಿಂದಿನವರಿಗೆ ನೀರು ಬಿಡಿಸಲೂ ಬರುತ್ತಿರಲಿಲ್ಲವೆಂದು ತೀರ್ಮಾನಿಸಿದರೆ ಅದರ ತಪ್ಪಲ್ಲ. ಹಾಗಾಗದಿರಲು ಎರಡು ಪಾಠಗಳನ್ನೂ ಪಕ್ಕಪಕ್ಕ ತೋರಿಸಿ, ನಡುವಿನ ವ್ಯತ್ಯಾಸವನ್ನು ವಿವರಿಸುವ ಹಿರಿಯರೊಬ್ಬರು ಆ ಮಗುವಿನ ಜೊತೆ ಕೂತಿರಬೇಕು.