ಬಿಳಿ ಜಲ್ಲಿಯ ಹಾದಿ: ಟಸ್ಕನಿಯ ಎರೋಯಿಕಾ ಮಾರ್ಗದ ಗುಣದೋಷ

ಇಟಲಿಯ ಟಸ್ಕನಿಯಲ್ಲಿರುವ ಎರೋಯಿಕಾ ಸೈಕಲ್ ಮಾರ್ಗ ಹುಟ್ಟಿದ್ದು ಡಾಂಬರಿನ ಮೇಲಿನ ಸಿಟ್ಟಿನಿಂದ. ಕಿಯಾಂತಿ ಬೆಟ್ಟಗಳ ನಡುವಿನ ಗಯೋಲೆ ಎಂಬ ಸಣ್ಣ ಊರಿನಲ್ಲಿ ಜಾಂಕಾರ್ಲೊ ಬ್ರೊಚ್ಚಿ ಎಂಬವರು, ತಮ್ಮ ಸೀಮೆಯ ಬಿಳಿ ಜಲ್ಲಿಯ ರಸ್ತೆಗಳು ಒಂದೊಂದಾಗಿ ಕಪ್ಪಾಗುತ್ತಿರುವುದನ್ನು ಕಂಡು, ಉಳಿದವನ್ನಾದರೂ ಕಾಪಾಡಬೇಕೆಂದು ಸೈಕಲ್ ಸವಾರಿಯೊಂದನ್ನು ಏರ್ಪಡಿಸಿದರು. 1997ರ ಆ ಮೊದಲ ಸವಾರಿಗೆ ಬಂದವರು 92 ಮಂದಿ. ಈಗ ಪ್ರತಿ ಅಕ್ಟೋಬರಿನಲ್ಲಿ ದೇಶದೇಶಗಳಿಂದ ಸಾವಿರಾರು ಜನ ಗಯೋಲೆಗೆ ಬರುತ್ತಾರೆ. 1987ಕ್ಕಿಂತ ಮೊದಲಿನ ಕಾಲದ ರೇಸ್ ಸೈಕಲ್ಲೇ ಬೇಕು, ಗೇರ್ ಕಡ್ಡಿ ಕೆಳಗಿನ ಕೊಳವೆಯ ಮೇಲೇ ಇರಬೇಕು, ಬ್ರೇಕಿನ ತಂತಿ ಹ್ಯಾಂಡಲ್‌ನ ಹೊರಗೆ ಕಾಣುತ್ತಿರಬೇಕು ಎಂಬುದು ಆ ದಿನದ ಕಟ್ಟಳೆ. ಉಳಿದ ದಿನಗಳಲ್ಲಿ ಕಟ್ಟಳೆಯಿಲ್ಲ, ಶುಲ್ಕವೂ ಇಲ್ಲ. ಸುಮಾರು 209 ಕಿಲೋಮೀಟರ್ ಉದ್ದದ ಆ ಸುತ್ತಿಗೆ ಶಾಶ್ವತ ಕೈಮರಗಳನ್ನು ನೆಟ್ಟಿದ್ದಾರೆ. ಯಾರು ಬೇಕಾದರೂ, ಯಾವ ಸೈಕಲ್ಲಿನಲ್ಲಾದರೂ, ವರ್ಷದ ಯಾವ ದಿನವಾದರೂ ಹೋಗಬಹುದು. ನಾನು ಇಲ್ಲಿ ತೂಗಿನೋಡುತ್ತಿರುವುದು ಮುಖ್ಯವಾಗಿ ಈ ಶಾಶ್ವತ ಮಾರ್ಗವನ್ನು.

ಸೈಕಲ್ ಮಾರ್ಗವೂ ಒಂದು ರಚನೆಯೇ. ಯಾವ ಊರನ್ನು ಹಾಯಬೇಕು, ಯಾವುದನ್ನು ಬಿಡಬೇಕು, ಏರಿನ ನಂತರ ಏನು ಕಾಣಬೇಕು, ದಣಿದ ಹೊತ್ತಿಗೆ ಎಲ್ಲಿ ನೀರು ಸಿಗಬೇಕು ಎಂಬುದನ್ನೆಲ್ಲ ಯಾರೋ ಕೂತು ಯೋಚಿಸಿರುತ್ತಾರೆ. ಹಾಗಾಗಿ ಅದನ್ನು ಚೆಂದದ ಫೋಟೊಗಳ ಬಲದಿಂದ ಮೆಚ್ಚಿಬಿಡುವುದು ಸಾಲದು. ಅದು ತಾನು ಹಾಯುವ ನಾಡನ್ನು ಸವಾರನಿಗೆ ಎಷ್ಟರಮಟ್ಟಿಗೆ ತಿಳಿಸಿಕೊಡುತ್ತದೆ ಎಂದು ಕೇಳಬೇಕು. ಆ ಪರೀಕ್ಷೆಯಲ್ಲಿ ಎರೋಯಿಕಾ ಮಾರ್ಗ ಹೆಚ್ಚಿನ ಪಾಲು ಗೆಲ್ಲುತ್ತದೆ. ಸೋಲುವ ಕಡೆ ಮಾತ್ರ ಗಂಭೀರವಾಗಿಯೇ ಸೋಲುತ್ತದೆ.

ಮೊದಲ ಗೆಲುವು ನೆಲದ್ದು. ಮಾರ್ಗದ ಸುಮಾರು ಅರ್ಧಭಾಗ ಸುಣ್ಣಕಲ್ಲಿನ ಜಲ್ಲಿ ಹಾಸಿದ ರಸ್ತೆ. ಅದರ ಏರಿನಲ್ಲಿ ಎದ್ದುನಿಂತು ಪೆಡಲ್ ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಸೀಟಿನ ಮೇಲೆ ಕೂತೇ, ಸಣ್ಣ ಗೇರಿನಲ್ಲಿ, ಒಂದೇ ಸಮನೆ ತುಳಿಯಬೇಕು. ಇಳಿಜಾರಿನಲ್ಲಿ ತಿರುವಿಗೆ ಬಹಳ ಮೊದಲೇ ವೇಗ ತಗ್ಗಿಸಬೇಕು. ಒಟ್ಟು ಏರು 3,500 ಮೀಟರಿಗೂ ಹೆಚ್ಚು ಇರುವುದರಿಂದ ಯಾವ ಸವಾರನೂ ಇಲ್ಲಿ ಓಡಿಬಿಡಲಾರ. ಆ ನಿಧಾನದಲ್ಲಿ ನಾಡು ಕಾಣುತ್ತದೆ. ಟಸ್ಕನಿಯ ನುಣುಪಾದ ಹೆದ್ದಾರಿಗಳು ಕಣಿವೆಯ ತಳದಲ್ಲಿ ಸಾಗಿದರೆ, ಈ ಬಿಳಿ ರಸ್ತೆಗಳು ದಿಣ್ಣೆಗಳ ನೆತ್ತಿಯ ಮೇಲೇ ಹರಿದಾಡುತ್ತವೆ. ರೈತರ ಮನೆಗಳು ಇದ್ದದ್ದು ದಿಣ್ಣೆಗಳ ಮೇಲೆ, ಆ ಮನೆಗಳನ್ನು ಒಡೆಯನ ಕಣಜಕ್ಕೆ ಜೋಡಿಸಲು ಆದ ದಾರಿಗಳಿವು. ರಸ್ತೆಯ ಬಳುಕನ್ನು ಹಿಡಿದು ಹೋದರೆ ಹಳೆಯ ಬೇಸಾಯದ ನಕ್ಷೆಯೇ ಕಾಲಡಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಗೆಲುವು ಕೋಟೆಗಳದ್ದು. ಗಯೋಲೆ ಬಿಟ್ಟ ಸ್ವಲ್ಪ ಹೊತ್ತಿಗೇ ಬ್ರೋಲಿಯೊ ಕೋಟೆಯ ಏರು ಸಿಗುತ್ತದೆ. 1141ರಿಂದ ರಿಕಾಸೊಲಿ ಮನೆತನದ ಹಿಡಿತದಲ್ಲಿರುವ ಕೋಟೆ ಇದು. ಕಾರಿನಲ್ಲಿ ಬಂದವರು ಅದನ್ನು ಒಂದು ಸುಂದರ ಕಟ್ಟಡವಾಗಿ ನೋಡಿ, ವೈನಿನ ರುಚಿ ಕಂಡು ಹೋಗುತ್ತಾರೆ. ಸೈಕಲ್ಲಿನಲ್ಲಿ ಬಂದವರಿಗೆ ಅದು ಅಲ್ಲೇ ಏಕಿದೆ ಎಂಬುದು ತೊಡೆಯ ನೋವಿನಿಂದಲೇ ಗೊತ್ತಾಗುತ್ತದೆ. ಶತಮಾನಗಳ ಕಾಲ ಕಿಯಾಂತಿ ಎಂಬುದು ಫ್ಲಾರೆನ್ಸ್ ಮತ್ತು ಸಿಯೆನಾ ನಗರ ರಾಜ್ಯಗಳ ಕಾದಾಟದ ಗಡಿ. ಗಯೋಲೆ, ರಾದ್ದಾ, ಕಾಸ್ತೆಲ್ಲೀನಾ ಎಂಬ ಮೂರು ಊರುಗಳನ್ನು ಫ್ಲಾರೆನ್ಸ್ ಒಂದು ರಕ್ಷಣಾ ಕೂಟವಾಗಿ ಕಟ್ಟಿತ್ತು. ಇಂದು ಕಿಯಾಂತಿ ಕ್ಲಾಸಿಕೊ ವೈನಿನ ಬಾಟಲಿಯ ಮೇಲೆ ಕಾಣುವ ಕಪ್ಪು ಹುಂಜ ಆ ಕೂಟದ ಲಾಂಛನವಾಗಿತ್ತು. ಬ್ರೋಲಿಯೊದ ಗೋಡೆಯ ಬಳಿ ನಿಂತರೆ ನೈಋತ್ಯದಲ್ಲಿ ಶತ್ರುನಗರ ಸಿಯೆನಾದ ಗೋಪುರಗಳು ಕಾಣುತ್ತವೆ. ಗಡಿಯ ಕಾವಲೆಂದರೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಾಠವೂ ಹೇಳಲಾರದು. ಅಲ್ಲಿಂದ ಮಾರ್ಗ ಸಿಯೆನಾದ ಸೀಮೆಗೆ ಇಳಿದು, ಮುರ್ಲೊ ದಾಟಿ, ಮೊಂತಾಲ್ಚೀನೊ ಏರುತ್ತದೆ. 1361ರಲ್ಲಿ ಎದ್ದ ಅಲ್ಲಿನ ಕೋಟೆ, 1555ರಲ್ಲಿ ಸಿಯೆನಾ ಶರಣಾದ ಮೇಲೂ ನಾಲ್ಕು ವರ್ಷ ಆ ಗಣರಾಜ್ಯದ ಕೊನೆಯ ಆಸರೆಯಾಗಿ ನಿಂತಿತು. ಹೀಗೆ ಫ್ಲಾರೆನ್ಸಿನ ಗಡಿಗೋಡೆಯಲ್ಲಿ ಶುರುವಾಗಿ ಸಿಯೆನಾದ ಕಡೆಯ ಗೋಡೆಯವರೆಗೆ ಒಂದು ಇತಿಹಾಸವನ್ನು ಇಡಿಯಾಗಿ ಹಾಯಿಸುವುದು ಈ ಮಾರ್ಗ ಹೆಣೆದವರ ಜಾಣ್ಮೆ. ಕೋಟೆಗಳ ಪಟ್ಟಿ ಹಿಡಿದು ಹೊರಟ ಪ್ರವಾಸಿ ಮಾರ್ಗಗಳಲ್ಲಿ ಈ ಕ್ರಮ ಸಿಗುವುದಿಲ್ಲ.

ಮರಳುವಾಗ ಸಿಗುವ ಕ್ರೇತೆ ಸೆನೇಸಿ ಈ ಮಾರ್ಗದ ಶ್ರೇಷ್ಠ ಭಾಗ. ಬಹಳ ಹಿಂದೆ ಸಮುದ್ರದ ತಳವಾಗಿದ್ದ ಬೂದುಬಣ್ಣದ ಜೇಡಿಮಣ್ಣಿನ ದಿಬ್ಬಗಳವು. ಕಿಯಾಂತಿಯ ಓಕ್ ಕಾಡು, ದ್ರಾಕ್ಷಿ ತೋಟಗಳ ನೆರಳೆಲ್ಲ ಇಲ್ಲಿ ಮುಗಿಯುತ್ತದೆ. ಗೋಧಿ ಹೊಲ, ಕೊರೆದ ಮಣ್ಣಿನ ಇಳುಕಲು, ಅಲ್ಲೊಂದು ಇಲ್ಲೊಂದು ಸೈಪ್ರೆಸ್ ಮರ, ಅಷ್ಟೆ. ಅಶಾನೊ ಊರಿನ ಬಳಿಯ ಮೊಂತೆ ಸಾಂತೆ ಮರೀಯೆ ಎಂಬ 11.5 ಕಿಲೋಮೀಟರಿನ ಜಲ್ಲಿ ತುಂಡು ಇಲ್ಲಿನ ಅತಿ ಕಠಿಣ ಪರೀಕ್ಷೆ. 2007ರಲ್ಲಿ ಎರೋಯಿಕಾದ ಸ್ಫೂರ್ತಿಯಿಂದಲೇ ಶುರುವಾದ ವೃತ್ತಿಪರ ಸ್ಪರ್ಧೆ ಸ್ತ್ರಾದೆ ಬಿಯಾಂಕೆಯ ಹಣೆಬರಹ ಹಲವು ಬಾರಿ ಇಲ್ಲೇ ತೀರ್ಮಾನವಾಗಿದೆ. 2024ರಲ್ಲಿ ವೃತ್ತಿಪರ ಸವಾರ ಪೊಗಾಚಾರ್, ಗುರಿ ಇನ್ನೂ 81 ಕಿಲೋಮೀಟರ್ ದೂರವಿದ್ದಾಗಲೇ ಇಲ್ಲಿಂದ ಒಂಟಿಯಾಗಿ ಹೊರಟು ಗೆದ್ದರು. ಆ ಸ್ಪರ್ಧೆಯಿಂದಾಗಿ ಬಿಳಿ ರಸ್ತೆಗಳಿಗೆ ಲೋಕದ ಮಾನ್ಯತೆ ಬಂತು, ಡಾಂಬರು ಹಾಕುವ ಮಾತು ಎತ್ತುವುದೇ ಕಷ್ಟವಾಯಿತು. ಒಂದು ರಸ್ತೆಯನ್ನು ಬಳಸುತ್ತಲೇ ಉಳಿಸಬಹುದು ಎಂದು ತೋರಿಸಿದ್ದು ಬ್ರೊಚ್ಚಿಯವರ ಅತಿ ದೊಡ್ಡ ಸಾಧನೆ. ಅದಕ್ಕಾಗಿ ಅವರಿಗೆ ನಾನು ಮನಸಾರೆ ಕೃತಜ್ಞ.

ಇನ್ನು ದೋಷಗಳು. ಮೊದಲನೆಯದು, ಒಂದೇ ದಿನದಲ್ಲಿ 209 ಕಿಲೋಮೀಟರ್ ಮುಗಿಸಬೇಕೆಂಬ ಆದರ್ಶ. ಅಕ್ಟೋಬರಿನ ಉತ್ಸವದ ದಿನ ದೀರ್ಘ ಸುತ್ತಿನವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಬ್ರೋಲಿಯೊಗೆ ಏರುವ ದಾರಿಯ ಎರಡೂ ಬದಿ ದೀಪ ಹಚ್ಚಿಟ್ಟಿರುತ್ತಾರೆ. ನೋಟ ಮೋಹಕ, ಆದರೆ ಕೋಟೆಯ ಅರ್ಥ ಹೇಳುವ ಆ ನೈಋತ್ಯದ ವಿಸ್ತಾರವೇ ಕತ್ತಲಲ್ಲಿ ಕಳೆದುಹೋಗುತ್ತದೆ. ಮಾರ್ಗದ ಅತ್ಯುತ್ತಮ ಭಾಗವಾದ ಕ್ರೇತೆ ಬರುವ ಹೊತ್ತಿಗೆ ಸವಾರನ ಕಣ್ಣು ಮುಂದಿನ ಚಕ್ರವನ್ನು ಬಿಟ್ಟು ಮೇಲೇಳದಷ್ಟು ಸೋತಿರುತ್ತದೆ. ನಿಧಾನವನ್ನು ಕಲಿಸುವ ರಸ್ತೆಯನ್ನು ಸಾಹಸದ ಲೆಕ್ಕಕ್ಕೆ ಒಪ್ಪಿಸುವುದು ಆ ರಸ್ತೆಯ ಗುಣಕ್ಕೇ ವಿರುದ್ಧ.

ಎರಡನೆಯ ದೋಷ ಹೆಚ್ಚು ಆಳದ್ದು. ಈ ಹೊಲ, ಈ ದಾರಿ, ಈ ದಿಣ್ಣೆಯ ಮನೆಗಳನ್ನು ಮಾಡಿದವರು ಕೋಟೆಯ ಒಡೆಯರಲ್ಲ. ಒಕ್ಕಲುಗಳು ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ ಅಳೆಯುವ ಪದ್ಧತಿ ಇಲ್ಲಿ ಶತಮಾನಗಳ ಕಾಲ ನಡೆಯಿತು. ನಮ್ಮ ಕಡೆಯ ಕೋರು ಬೇಸಾಯ ಕಂಡವರಿಗೆ ಅದರ ಭಾರ ವಿವರಿಸಬೇಕಿಲ್ಲ. ಎರಡನೆಯ ಮಹಾಯುದ್ಧದ ನಂತರ ಆ ಕುಟುಂಬಗಳು ಪಟ್ಟಣದ ಕಾರ್ಖಾನೆಗಳಿಗೆ ಹೊರಟುಹೋದವು. 1964ರ ಕಾನೂನು ಹೊಸದಾಗಿ ಇಂಥ ಕರಾರು ಮಾಡುವುದನ್ನು ನಿಷೇಧಿಸಿತು. ಜನ ತೆರವಾದ ಕಡೆ ರಸ್ತೆಗೆ ಡಾಂಬರು ಹಾಕುವ ತುರ್ತು ಯಾರಿಗೂ ಇರಲಿಲ್ಲ. ನಾವು ಇಂದು ಸಂಭ್ರಮಿಸುವ ಬಿಳಿ ರಸ್ತೆ ಉಳಿದದ್ದರ ಹಿಂದೆ ಊರುಗಳು ಖಾಲಿಯಾದ ನೋವೂ ಇದೆ. ದಣಿವಾರಿಸುವ ತಾಣಗಳಲ್ಲಿ ಬಡಿಸುವ ರಿಬೊಲ್ಲೀತ, ಅಂದರೆ ಹಳಸಲು ರೊಟ್ಟಿ, ಹುರುಳಿಕಾಯಿಯ ಬೀಜ, ಸೊಪ್ಪು ಹಾಕಿ ಮತ್ತೆ ಕುದಿಸಿದ ಸಾರು, ಬಡ ಒಕ್ಕಲುಗಳ ಊಟವೇ. ಬ್ರೋಲಿಯೊದ ಬೆತ್ತೀನೊ ರಿಕಾಸೊಲಿ 1861ರಲ್ಲಿ ಇಟಲಿಯ ಪ್ರಧಾನಿಯಾದವರು, 1872ರಲ್ಲಿ ಕಿಯಾಂತಿ ವೈನಿನ ಹದವನ್ನು ಬರೆದಿಟ್ಟವರು; ಅವರ ಹೆಸರು ಎಲ್ಲೆಡೆ ಸಿಗುತ್ತದೆ. ಆ ದ್ರಾಕ್ಷಿ ಬೆಳೆದವರ ಬದುಕಿನ ಕಥೆ ಮಾರ್ಗದ ಕೈಮರಗಳಲ್ಲಿ ಇಲ್ಲ. ಸೈಕಲ್ಲಿನ ಹಳೆಯ ಕಾಲವನ್ನು ಇಷ್ಟು ಅಕ್ಕರೆಯಿಂದ ಕಾಪಾಡುವವರು ಹೊಲದ ಹಳೆಯ ಕಾಲಕ್ಕೂ ಅದೇ ಅಕ್ಕರೆ ತೋರಬೇಕಿತ್ತು.

ಕನ್ನಡದ ಓದುಗರಿಗೆ ಇನ್ನೊಂದು ಮಾತು. ಈ ಮಾರ್ಗದ ಹೊರಗೆ, ವಾಯವ್ಯಕ್ಕೆ, ಮೊಂತೆಸ್ಪೆರ್ತೊಲಿ ಬಳಿ ಮೊಂತೆಗುಫೋನಿ ಎಂಬ ಕೋಟೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ಲಾರೆನ್ಸಿನ ಚಿತ್ರಶಾಲೆಗಳ ಅಮೂಲ್ಯ ಚಿತ್ರಗಳನ್ನು, ಬೊತ್ತಿಚೆಲ್ಲಿಯ ‘ಪ್ರಿಮವೆರಾ’ವನ್ನೂ ಸೇರಿಸಿ, ಅಲ್ಲಿ ಬಚ್ಚಿಟ್ಟಿದ್ದರು. 1944ರ ಬೇಸಿಗೆಯಲ್ಲಿ ಮಿತ್ರಪಡೆ ಅಲ್ಲಿಗೆ ತಲುಪಿದ ಮೇಲೆ ಆ ಕೋಟೆಯಲ್ಲಿ ಬೀಡುಬಿಟ್ಟವರು 8ನೇ ಭಾರತೀಯ ಡಿವಿಜನ್ನಿನ ಮರಾಠಾ ಪದಾತಿ ಸೈನಿಕರು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ. ಗಯೋಲೆಗೆ ಹೋದವರು ಒಂದು ದಿನ ಹೆಚ್ಚಿಟ್ಟುಕೊಂಡು ಅತ್ತ ಪೆಡಲ್ ತುಳಿಯುವುದು ಸಾರ್ಥಕ.

ಒಟ್ಟಿನಲ್ಲಿ, ಬೆಟ್ಟ, ಹಳ್ಳಿ, ಕೋಟೆಗಳ ನಡುವೆ ಹೆಣೆದ ಸೈಕಲ್ ಮಾರ್ಗಗಳಲ್ಲಿ ಎರೋಯಿಕಾ ಉತ್ತಮವಾದದ್ದೆಂದೇ ನನ್ನ ತೀರ್ಮಾನ. ಹೋಗುವವರಿಗೆ ನನ್ನ ಸಲಹೆ ಇಷ್ಟೆ: ಉತ್ಸವದ ದಿನ ಬಿಡಿ, ವಸಂತದಲ್ಲೋ ಸೆಪ್ಟೆಂಬರಿನಲ್ಲೋ ಹೋಗಿ. ಸುತ್ತನ್ನು ಮೂರು ದಿನಕ್ಕೆ ಹಂಚಿ, ಮೊಂತಾಲ್ಚೀನೊದಲ್ಲಿ ಒಂದು ರಾತ್ರಿ, ಅಶಾನೊದಲ್ಲಿ ಒಂದು ರಾತ್ರಿ ತಂಗಿ. ಟೈರು ಕನಿಷ್ಠ 35 ಮಿಲಿಮೀಟರ್ ಅಗಲದ್ದಿರಲಿ, ಗೇರು ಆದಷ್ಟು ಸಣ್ಣದಿರಲಿ. ದಿಣ್ಣೆಯ ಮೇಲೆ ಪಾಳುಬಿದ್ದ ಒಕ್ಕಲುಮನೆ ಕಂಡರೆ, ಕೋಟೆಗೆ ಕೊಟ್ಟಷ್ಟೇ ಹೊತ್ತು ಅದಕ್ಕೂ ಕೊಡಿ.