ದಾನಿಯ ಲೆಕ್ಕವೂ ಸೇವೆಯ ದಾಖಲೆಯೂ

ಸೇವಾಸಂಸ್ಥೆಗಳ ವಾರ್ಷಿಕ ವರದಿಗಳನ್ನು ಇತಿಹಾಸದ ಆಧಾರಗಳೆಂದು ಸ್ವೀಕರಿಸುವ ಮುನ್ನ, ಅವು ಯಾರ ಅವಗಾಹನೆಗಾಗಿ ಬರೆದವುಗಳೆಂದು ವಿಚಾರಿಸತಕ್ಕದ್ದು. ಗೋಕಾಕ, ಹುಕ್ಕೇರಿ, ಆಗ ಗೋಕಾಕ ತಾಲೂಕಿನಲ್ಲಿಯೇ ಸೇರಿದ್ದ ಮೂಡಲಗಿ ಈ ಸೀಮೆಯ ದೇವದಾಸಿಯರ ವಿಷಯವನ್ನೇ ನೋಡಬಹುದು. 1982ರ ನಿಷೇಧ ಕಾಯಿದೆಯ ತರುವಾಯ, 1990ರ ದಶಕದಲ್ಲಿ ಸರಕಾರದ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಅವರ ಪುನರ್ವಸತಿಯನ್ನು ಕೈಗೊಂಡವು. 1997ರಲ್ಲಿ ಆ ಸ್ತ್ರೀಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಘಟಪ್ರಭಾದಲ್ಲಿ ರೂಪುಗೊಂಡಿತು. ಆ ಲೆಕ್ಕದಲ್ಲಿ ಆಕೆ ‘ಮಾಜಿ ದೇವದಾಸಿ’.

2003ರಲ್ಲಿ ಅಮೆರಿಕದ ಗೇಟ್ಸ್ ಪ್ರತಿಷ್ಠಾನವು ಏಡ್ಸ್ ತಡೆಗೆಂದು ಆರಂಭಿಸಿದ ‘ಆವಾಹನ್’ ಯೋಜನೆಯು ಬೆಳಗಾವಿ ಜಿಲ್ಲೆಗೂ ಬಂದಿತು. ಅವರಲ್ಲಿ ಹಲವರು ಈಗ ‘ಲೈಂಗಿಕ ವೃತ್ತಿಯವರು’ ಎಂಬ ಕಲಮಿಗೆ ಸೇರಿದರು. ಬಾಳು ಅದೇ, ಹಣದ ಉದ್ದೇಶ ಬೇರೆ. ಯೋಜನೆಯು ಸೋಂಕನ್ನು ತಗ್ಗಿಸಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹತ್ತು ವರ್ಷಗಳಲ್ಲಿ ಅದನ್ನು ಸರಕಾರಕ್ಕೆ ವಹಿಸುವ ನಿರ್ಣಯವು ಗೋಕಾಕದಲ್ಲಿ ಆದುದಲ್ಲ. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಾದ ತಿದ್ದುಪಡಿಯಂತೂ ದೊಡ್ಡ ಸಂಸ್ಥೆಯು ಅಂಥ ಹಣವನ್ನು ಚಿಕ್ಕದಕ್ಕೆ ಹಂಚುವುದನ್ನೇ ನಿಷೇಧಿಸಿತು.

ಆದ್ದರಿಂದ ಸಂಶೋಧಕನು ವರದಿಯ ಪಕ್ಕದಲ್ಲಿ ಮಹಿಳಾ ಸಂಘಗಳ ಠರಾವು ಪುಸ್ತಕಗಳನ್ನೂ ಇಟ್ಟುಕೊಂಡು ಓದಬೇಕು. ಅಲ್ಲಿ ದಾನಿಯ ಕಲಮುಗಳಿಲ್ಲ. ಸಾಲ ಕೇಳಿದವಳ ಹೆಸರು, ಕಾರಣ, ಕೆಳಗೆ ಹೆಬ್ಬೆಟ್ಟು.