ಗಂಟೆಗೆ ಹೆಸರಿಟ್ಟವರು ಯಾರು?

ಕಳೆದ ವರ್ಷ ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿ ಅಮೆರಿಕದ ಜಾನ್ ಫಿಲಿಪ್ ಸೂಸಾನ 'ದಿ ಲಿಬರ್ಟಿ ಬೆಲ್' ಎಂಬ ಬ್ಯಾಂಡ್ ಮಾರ್ಚ್ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಮಾತಿಲ್ಲದ ಸಂಗೀತವೂ ರಾಷ್ಟ್ರೀಯತೆಯನ್ನು ಹೇಗೆ ಸಾರುತ್ತದೆ ಎನ್ನುವುದಕ್ಕೆ ಅದು ನನ್ನ ಉದಾಹರಣೆ. ನಮ್ಮ ಗೈಡ್ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದರು: "ಹೆಸರು ಮುಚ್ಚಿಟ್ಟು ಕೇಳಿದರೂ ಹೀಗೇ ಅನ್ನಿಸುತ್ತದೆಯೆ?" ಉತ್ತರ ಹುಡುಕಲು ಹೋಗಿ ಆ ಪ್ಯಾರಾವನ್ನೇ ಹೊಡೆದುಹಾಕಬೇಕಾಯಿತು.

ಸೂಸಾ 1880ರಿಂದ 1892ರವರೆಗೆ ಅಮೆರಿಕದ ಮರೀನ್ ಬ್ಯಾಂಡಿನ ನಾಯಕನಾಗಿದ್ದವನು. ಆಮೇಲೆ ಸ್ವಂತ ಬ್ಯಾಂಡ್ ಕಟ್ಟಿದ. ಈ ಮಾರ್ಚ್ 1893ರದು. ಆದರೆ ಇದರ ಧಾಟಿ ಮೊದಲು ಹುಟ್ಟಿದ್ದು 'ದಿ ಡೆವಿಲ್ಸ್ ಡೆಪ್ಯುಟಿ' ಎಂಬ ಹಾಸ್ಯ ಗೀತನಾಟಕಕ್ಕಾಗಿ. ಹಣದ ಮಾತು ಕುದುರಲಿಲ್ಲ, ನಾಟಕ ಅಲ್ಲಿಗೇ ನಿಂತಿತು, ಧಾಟಿ ಸೂಸಾನ ಬಳಿಯೇ ಉಳಿಯಿತು. ಶಿಕಾಗೋದಲ್ಲಿ ಒಂದು ಪ್ರದರ್ಶನ ನೋಡುತ್ತಿದ್ದಾಗ ಲಿಬರ್ಟಿ ಬೆಲ್ ಚಿತ್ರವಿದ್ದ ದೊಡ್ಡ ಪರದೆ ಇಳಿಯಿತಂತೆ. ಜೊತೆಗಿದ್ದ ಮ್ಯಾನೇಜರ್ ಆ ಹೆಸರನ್ನೇ ಸೂಚಿಸಿದ. ಅದೇ ಹೊತ್ತಿಗೆ ಹೆಂಡತಿಯ ಕಾಗದ ಬಂತು: ಫಿಲಡೆಲ್ಫಿಯಾದಲ್ಲಿ ಆ ಗಂಟೆಯ ಗೌರವಾರ್ಥ ನಡೆದ ಮೆರವಣಿಗೆಯಲ್ಲಿ ಮಗ ನಡೆದಿದ್ದ. ಹೆಸರು ಗಟ್ಟಿಯಾಯಿತು.

ಗಂಟೆಯ ಕತೆಯೂ ಇದೇ. ಲಂಡನ್ನಿನಲ್ಲಿ ಎರಕ ಹೊಯ್ದು ತರಿಸಿದ ಅದು ಮೊದಲಿಗೆ ಪೆನ್ಸಿಲ್ವೇನಿಯಾದ ಸ್ಟೇಟ್ ಹೌಸಿನ ಗಂಟೆ, ಅಷ್ಟೆ. ಅದರ ಮೇಲೆ ಕೆತ್ತಿದ್ದ ಬೈಬಲ್ ವಾಕ್ಯದಲ್ಲಿ ಸ್ವಾತಂತ್ರ್ಯದ ಮಾತಿತ್ತು. 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು ಅದನ್ನು ಹಿಡಿದು 'ಲಿಬರ್ಟಿ ಬೆಲ್' ಎಂದು ಕರೆದರು. ಇನ್ನೂ ಬಾರದ ಸ್ವಾತಂತ್ರ್ಯವನ್ನು ಕೇಳುವುದಕ್ಕೆ ಇಟ್ಟ ಹೆಸರು ಅದು. ನನ್ನ ಪ್ಯಾರಾದಲ್ಲಿ ಅವರ ಸುಳಿವೇ ಇರಲಿಲ್ಲ.

1969ರಲ್ಲಿ ಬಿಬಿಸಿಯ 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಈ ಮಾರ್ಚನ್ನೇ ಶೀರ್ಷಿಕೆ ಸಂಗೀತ ಮಾಡಿಕೊಂಡಿತು. ಬ್ಯಾಂಡ್ ಗತ್ತಿನಿಂದ ನುಡಿಯುತ್ತಿರುವಾಗ ಮೇಲಿನಿಂದ ಭಾರೀ ಪಾದವೊಂದು ಬಿದ್ದು, ಹೂಸಿನಂಥ ಸದ್ದಿನೊಂದಿಗೆ ಎಲ್ಲವನ್ನೂ ಅಪ್ಪಚ್ಚಿ ಮಾಡುತ್ತದೆ. ಇದನ್ನು ನೋಡಿ ಬೆಳೆದವರಿಗೆ ಈ ಧಾಟಿ ಕೇಳಿದರೆ ದೇಶ ನೆನಪಾಗುವುದಿಲ್ಲ, ನಗು ಬರುತ್ತದೆ.

ಹಾಗಾದರೆ ಸಂಗೀತ ಖಾಲಿ ಪಾತ್ರೆ, ಅರ್ಥವೆಲ್ಲ ಹೆಸರಿನದೇ ಎನ್ನೋಣವೆ? ನಾನೂ ಮೊದಲು ಅತ್ತ ವಾಲಿದ್ದೆ. ಆದರೆ ಹೆಸರು ಮುಚ್ಚಿಟ್ಟು ಮತ್ತೆ ಮತ್ತೆ ಕೇಳಿದಾಗ 6/8ರ ಲಯದ ಆ ಕುಪ್ಪಳಿಕೆಯಲ್ಲೇ ಒಂದು ತುಂಟತನ ಕಂಡಿತು. ಪೈಥಾನ್ ತಂಡ ಧಾಟಿಯನ್ನು ಕೆಡಿಸಲಿಲ್ಲ, ಅದರ ಹಾಸ್ಯದ ತವರಿಗೆ ಮರಳಿಸಿತು. ಇನ್ನು ಟ್ರಯೋ ಭಾಗದಲ್ಲಿ ಬ್ಯಾಂಡಿನವರು ನಿಜವಾಗಿಯೇ ಗಂಟೆ ಬಾರಿಸುತ್ತಾರೆ. ಹೆಸರು ಗೊತ್ತಿದ್ದವರಿಗೆ ಅದು ಫಿಲಡೆಲ್ಫಿಯಾದ್ದು. ಗೊತ್ತಿಲ್ಲದವರಿಗೆ ಯಾವುದೋ ಶಾಲೆಯದ್ದೋ ಚರ್ಚಿನದ್ದೋ ಆಗಬಹುದು.

ನಾನು ಮಾಡಿದ ತಪ್ಪು ಸಣ್ಣದಲ್ಲ. ಶೀರ್ಷಿಕೆಯನ್ನು ಓದಿ, ಕೃತಿಯನ್ನು ಓದಿದೆನೆಂದು ನಂಬಿದ್ದೆ. ಕತೆ, ಕವಿತೆಗಳ ಮುಂದೆಯೂ ಹೀಗೆ ಎಷ್ಟು ಸಲ ಮಾಡಿದ್ದೇನೋ! ಆ ಅಧ್ಯಾಯವನ್ನು ಈಗ ಮೊದಲಿನಿಂದ ಬರೆಯುತ್ತಿದ್ದೇನೆ, ಹೆಸರನ್ನು ಯಾರು, ಯಾವಾಗ, ಯಾತಕ್ಕಾಗಿ ಇಟ್ಟರು ಎಂಬಲ್ಲಿಂದ.